ನನ್ನ ಹೋಸ್ಟಾದ ಬಿಳಿಯಂಚು

ವಯಸ್ಸಾದ ಮೇಲೆ ಮನುಷ್ಯರಿಗೆ ಏನಾದರೂ ಒಂದು ಹುಚ್ಚು ಇರಬೇಕಂತೆ. ಇಲ್ಲದಿದ್ದರೆ ಬೆಳಗಿನಿಂದ ಸಂಜೆಯವರೆಗೆ ಮಂಡಿನೋವನ್ನೇ ನೆನೆಯುತ್ತ ಕೂರಬೇಕಾಗುತ್ತದೆ. ಕೆಲವರಿಗೆ ತೀರ್ಥಯಾತ್ರೆಯ ಹುಚ್ಚು, ಕೆಲವರಿಗೆ ಧಾರಾವಾಹಿಯ ಹುಚ್ಚು, ಇನ್ನು ಕೆಲವರಿಗೆ ಸೊಸೆಯನ್ನು ತಿದ್ದುವ ಹುಚ್ಚು. ಮೂರನೆಯದನ್ನು ನಾನೂ ಸ್ವಲ್ಪ ದಿನ ಪ್ರಯತ್ನಿಸಿ ಬಿಟ್ಟುಬಿಟ್ಟೆ, ಸೊಸೆಯೇ ನನ್ನನ್ನು ತಿದ್ದತೊಡಗಿದ್ದರಿಂದ. ಈಗ ನನಗಿರುವುದು ಹೋಸ್ಟಾ ಹುಚ್ಚು. ಹೋಸ್ಟಾ ಎಂದರೆ ಹೋಟೆಲಿನ ತಿಂಡಿಯಲ್ಲ, ಗಿಡ. ಹೂವಿಗಾಗಿ ಬೆಳೆಸುವ ಗಿಡವಲ್ಲ, ಎಲೆಗಾಗಿ ಬೆಳೆಸುವ ಗಿಡ. ಕಾಂಡ ಗಿಂಡ ಇಲ್ಲದೆ ನೆಲದಿಂದಲೇ ಅಗಲಗಲ ಎಲೆಗಳು ಬುಗ್ಗೆಯಂತೆ ಎದ್ದು, ಸುತ್ತಲೂ ಬಾಗಿ, ಸಭೆ ಸೇರಿದಂತೆ ಕೂರುತ್ತವೆ. ಅದರಲ್ಲೂ ವೇರಿಗೇಟೆಡ್ ಜಾತಿಯದಾದರೆ ಪ್ರತಿ ಎಲೆಗೂ ಕೆನೆಬಣ್ಣದ ಅಂಚು. ನೆರಳಿನಲ್ಲಿ ಆ ಅಂಚು ಹೊಳೆಯುವುದನ್ನು ನೋಡಬೇಕು ನೀವು. ಅದಕ್ಕೆ ಬೇಕಾದ್ದಾದರೂ ಏನು? ಒಂದಿಷ್ಟು ನೆರಳು, ಸದಾ ತೇವ, ವರ್ಷಕ್ಕೊಮ್ಮೆ ಎಲೆಯೆಲ್ಲ ಉದುರಿಸಿ ಮಲಗಲು ನಿಜವಾದ ಚಳಿ. ರಾಯದುರ್ಗದಲ್ಲಿ ಈ ಮೂರರಲ್ಲಿ ಒಂದೂ ಸಿಗುವುದಿಲ್ಲ. ಸಿಗುವ ಊರಿನಲ್ಲಿ ಬೆಳೆಸಿದರೆ ಅದು ಹವ್ಯಾಸವಾಗುತ್ತಿತ್ತು. ಇಲ್ಲಿ ಬೆಳೆಸಿದ್ದರಿಂದ ಹುಚ್ಚಾಯಿತು.

ನಮ್ಮೂರ ಬೆಟ್ಟವನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಊರಿನ ಬೆನ್ನಿಗೆ ಆನಿಕೊಂಡ ಆ ಬಂಡೆ ಹಗಲೆಲ್ಲ ಬಿಸಿಲು ಕುಡಿದು, ಸಂಜೆ ನಾವು ಅಂಗಳಕ್ಕೆ ಕುರ್ಚಿ ಹಾಕಿಕೊಂಡು ಕೂತ ಹೊತ್ತಿಗೆ ಸರಿಯಾಗಿ ಅದನ್ನೆಲ್ಲ ನಮ್ಮ ಮೇಲೆ ಉಸಿರುತ್ತದೆ. ಇಂಥ ಊರಿಗೆ ನಾನು ಸೊಸೆಯಾಗಿ ಬಂದದ್ದಲ್ಲ, ಹುಟ್ಟಿದ್ದೇ ಇಲ್ಲಿ. ಆದರೆ ಅಪ್ಪಾಜಿಗೆ, ಬಟ್ಟೆ ವ್ಯಾಪಾರಿಯ ಮಗಳು ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಎನ್ನಬೇಕೆಂಬ ಆಸೆ. ಹಾಗಾಗಿ ಎಳೆಯ ವಯಸ್ಸಿನಲ್ಲೇ ನನ್ನನ್ನು ತಂಪು ಬೆಟ್ಟದ ಮೇಲಿನ ಒಂದು ಕಾನ್ವೆಂಟಿಗೆ ಸೇರಿಸಿಬಿಟ್ಟರು. ಅಲ್ಲಿ ಹಾಸಿಗೆಯೂ ಒದ್ದೆ, ಬ್ರೆಡ್ಡೂ ಒದ್ದೆ, ಬಟ್ಟೆಯೂ ಒದ್ದೆ. ಒಣಗಿದ್ದು ಎರಡೇ: ನಾನು, ಮತ್ತು ಮಡಕಶಿರದಿಂದ ಬಂದಿದ್ದ ವಿಮಲಾ. ಗಿರಿಜಾ ಎನ್ನಲು ನಾಲಿಗೆ ಹೊರಳದ ಸಿಸ್ಟರ್‌ಗಳು ನನ್ನನ್ನು ಗಿಗಿ ಎಂದು ಕರೆದರು. ಇಂದಿಗೂ ಆ ಹೆಸರಿನಿಂದ ಕರೆಯಲು ಈ ಭೂಮಿಯ ಮೇಲೆ ಉಳಿದಿರುವವಳು ವಿಮಲಾ ಒಬ್ಬಳೇ.

ಆ ಕಾನ್ವೆಂಟಿನಲ್ಲಿ ಕನ್ನಡ ಆಡಿ ಸಿಕ್ಕಿಬಿದ್ದರೆ ಶಿಕ್ಷೆ. ಚಾಪೆಲಿನ ಹಿಂದುಗಡೆ, ಬಿಸಿಲೇ ಬೀಳದ ಗೋಡೆಯ ಬಳಿ ಹೋಗಿ ನಿಲ್ಲಬೇಕು. ನಮ್ಮಿಬ್ಬರಿಗೂ ಅದು ಕಾಯಂ ವಿಳಾಸ. ಆ ಗೋಡೆಯ ಉದ್ದಕ್ಕೂ ಸಿಸ್ಟರ್ ಬರ್ನಡೆಟ್ ಬೆಳೆಸಿದ್ದ ಹೋಸ್ಟಾಗಳು. ಸಿಸ್ಟರ್ ಆ ಕಡೆ ಹೋದದ್ದೇ ತಡ, ನಾವಿಬ್ಬರೂ ಆ ದೊಡ್ಡ ಎಲೆಗಳ ಹಿಂದೆ ಕುಕ್ಕರಗಾಲಲ್ಲಿ ಕೂತು ಇನ್ನಷ್ಟು ಕನ್ನಡ ಮಾತಾಡುತ್ತಿದ್ದೆವು. ನಾನು ಶೇಂಗಾ ಎಂದರೆ ಅವಳು ಕಡ್ಲೇಕಾಯಿ ಎನ್ನುತ್ತಿದ್ದಳು, ಯಾವುದು ಸರಿ ಎಂದು ಜಡೆ ಜಗ್ಗಾಡುತ್ತಿದ್ದೆವು. ಶಿಕ್ಷೆಗೆ ಕಳಿಸಿದ ಜಾಗದಲ್ಲೇ ತಪ್ಪು ಮಾಡಲು ಇಷ್ಟು ಒಳ್ಳೆಯ ಏರ್ಪಾಡು ಇದ್ದ ಶಾಲೆ ಇನ್ನೊಂದಿರಲಾರದು. ನೆತ್ತಿಯ ಮೇಲೆ ಬಾಗಿದ ಆ ಬಿಳಿಯಂಚು, ಅದರ ತುದಿಯಲ್ಲಿ ಬೀಳಲೋ ಬೇಡವೋ ಎಂದು ನಿಂತ ನೀರಹನಿ. ನನ್ನ ಮಟ್ಟಿಗೆ ಚೈಲ್ಡ್‌ಹುಡ್ ಎಂದರೆ ಅಷ್ಟೇ. ಕಲಿತ ಪದ್ಯ, ಪಾಠ, ಪ್ರಾರ್ಥನೆ ಎಲ್ಲ ಮರೆತುಹೋಗಿದೆ.

ಹೀಗಿರುವಾಗ ಈಚೆಗೆ ವಿಮಲಾ ಮೊಮ್ಮಗಳ ಜೊತೆ ಆ ಬೆಟ್ಟಕ್ಕೆ ಹೋಗಿಬಂದಳು. ಬರುವಾಗ ಅಲ್ಲಿನ ನರ್ಸರಿಯಿಂದ ಬಿಳಿಯಂಚಿನ ಹೋಸ್ಟಾದ ಬೇರುಗಡ್ಡೆಗಳನ್ನು ಒದ್ದೆ ಪಂಚೆಯಲ್ಲಿ ಸುತ್ತಿ ತಂದಳು. ಒಂದು ಅವಳಿಗೆ, ಒಂದು ನನಗೆ. ಅವಳದು ಮಡಕಶಿರದ ಹಿತ್ತಲಲ್ಲಿ ಚಿಗುರಿ, ನಾಲ್ಕಾರು ಎಲೆ ಬಿಟ್ಟು, ಆಹಾ ಎನ್ನುವಷ್ಟರಲ್ಲಿ ಅವಳೂರಿನ ಗುಡ್ಡದಿಂದ ಇಳಿದು ಬಂದ ನವಿಲಿನ ಹೊಟ್ಟೆ ಸೇರಿತು. "ನ್ಯಾಷನಲ್ ಬರ್ಡ್ ಕಣೇ, ಬೈಯಂಗೂ ಇಲ್ಲ," ಎಂದು ಫೋನಿನಲ್ಲಿ ಅತ್ತಳು. "ಇನ್ನ ನಿಂದೇ ನಂದೂವೆ. ಚೆನ್ನಾಗಿ ನೋಡ್ಕಳೇ ಗಿಗಿ." ಆಗ ನಾನು ಸ್ವಲ್ಪ ಜಂಬದಿಂದಲೇ "ಡೋಂಟ್ ವರಿ, ಡಿಯರ್" ಎಂದೆ. ಆ ಮಾತು ಯಾವ ಬಾಯಲ್ಲಿ ಬಂತೋ!

ಮೊದಲು ನೆರಳು ಆಗಬೇಕಿತ್ತು. ಹಿತ್ತಲಲ್ಲಿ ಒಂದು ಬೇವಿನ ಮರ ಇದೆಯಾದರೂ ಅದರ ನೆರಳು ಬಿಸಿಲು ಜೋರಾಗುವ ಸಮಯಕ್ಕೆ ಸರಿಯಾಗಿ ಪಕ್ಕದ ಮನೆಯವರ ಅಂಗಳಕ್ಕೆ ಹೋಗಿಬಿಡುತ್ತದೆ. ಆದರೆ ನಮ್ಮೂರಲ್ಲಿ ನೆರಳಿಗೆ ಬರವಿದ್ದರೂ ಹೊಲಿಗೆಗೆ ಬರವಿಲ್ಲ. ಅರ್ಧ ಊರು ಜೀನ್ಸ್ ಪ್ಯಾಂಟಿನ ಕಾಲು ಹೊಲಿದರೆ ಇನ್ನರ್ಧ ಊರು ಜೇಬು ಹೊಲಿಯುತ್ತದೆ. ನಮ್ಮ ಮನೆಯ ಕೆಳಗೂ ಮಗ ಸೊಸೆ ನಡೆಸುವ ಹೊಲಿಗೆ ಯೂನಿಟ್ಟಿದೆ. ಕತ್ತರಿಸಿ ಉಳಿದ ತುಂಡುಗಳನ್ನೆಲ್ಲ ಸೇರಿಸಿ ಹೊಲಿಸಿ, ಸೊಸೆ ಶೋಭಾ ನನಗೊಂದು ಚಪ್ಪರ ಮಾಡಿಕೊಟ್ಟಳು. ಇಂಗ್ಲಿಷಿನಲ್ಲಿ ಶೇಡ್ ಗಾರ್ಡನ್ ಎನ್ನುತ್ತಾರಲ್ಲ, ಅದು, ಪ್ಯಾಂಟುಗಳ ಕೆಳಗೆ. ಒಂದೆರಡು ಜೇಬುಗಳೂ ಸೇರಿಕೊಂಡಿದ್ದವು. ಅದರಲ್ಲಿ ಗುಬ್ಬಿ ಗೂಡು ಕಟ್ಟಿತು. ಮೊದಲ ಮಳೆಗೆ ಚಪ್ಪರದ ಬಣ್ಣ ಬಿಟ್ಟು, ನನ್ನ ಕೆನೆಯಂಚಿನ ಎಲೆಗಳ ಮೇಲೆಲ್ಲ ನೀಲಿ ಸುರಿಯಿತು. "ಅತ್ತೀ, ಒಗದ ಮ್ಯಾಲ ಕಲರ್ ಹೋಗತೈತ್ರಿ, ಕಂಪ್ಲೇಂಟ್ ಬರಂಗಿಲ್ಲ," ಎಂದು ಶೋಭಾ ಗಿರಾಕಿಗೆ ಹೇಳುವ ಧಾಟಿಯಲ್ಲಿ ಸಮಾಧಾನ ಹೇಳಿದಳು. ನಾನು ಒದ್ದೆ ಹತ್ತಿ ಹಿಡಿದು ಒಂದೊಂದೇ ಎಲೆ ಒರೆಸಿದೆ. ಮಕ್ಕಳ ಮೂಗನ್ನೂ ನಾನು ಅಷ್ಟು ಪ್ರೀತಿಯಿಂದ ಒರೆಸಿದವಳಲ್ಲ.

ಆಮೇಲೆ ಚಳಿ. ನಮ್ಮೂರ ಚಳಿಗಾಲವೆಂದರೆ ಬೆಳಗಿನ ಜಾವ ಫ್ಯಾನನ್ನು ಒಂದು ನಂಬರ್ ಕಡಿಮೆ ಮಾಡುವುದು. ಅದರಿಂದ ಹೋಸ್ಟಾ ಮಲಗುವುದಿಲ್ಲ. ಮಲಗದ ಹೋಸ್ಟಾ ಮರುವರ್ಷ ಮೇಲೇಳುವುದಿಲ್ಲ. ಕೊನೆಗೆ ಎಲೆ ಕತ್ತರಿಸಿ, ಗಡ್ಡೆಯನ್ನು ಕಿತ್ತು, ತೆಂಗಿನನಾರಿನ ಪುಡಿಯಲ್ಲಿಟ್ಟು, ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಮಲಗಿಸಿದೆ. ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತು. ಒಂದು ಬೆಳಿಗ್ಗೆ ಶೋಭಾ ಅದನ್ನು ಚಹಾಕ್ಕೆ ಜಜ್ಜಲು ಕಲ್ಲಿನ ಮೇಲಿಟ್ಟು ಕೈಯೆತ್ತಿದ್ದಳು. ನಾನು "ಸ್ಟಾಪ್!" ಎಂದು ಕಿರುಚಿದ ರೀತಿಗೆ ಕೆಳಗಿನ ಹೊಲಿಗೆ ಯಂತ್ರಗಳೆಲ್ಲ ನಿಂತವಂತೆ. "ಅಲ್ರಿ ಅತ್ತೀ, ಶುಂಠಿಗೆ ಯಾಕ ಇಷ್ಟು ಚೀರ್ತೀರಿ?" ಎಂದಳು ಆಕೆ, ಜಜ್ಜುವ ಗುಂಡುಕಲ್ಲನ್ನು ಎದೆಗವಚಿಕೊಂಡು. ನಮ್ಮವರು ಒಳಗಿನಿಂದಲೇ ಹೇಳಿದರು: "ಅದು ಶುಂಠಿ ಅಲ್ಲವ್ವಾ, ನಿಮ್ಮತ್ತಿ ತವರುಮನಿ. ಫ್ರಿಜ್ಜಿನಾಗ ಇಟ್ಟಾಳ, ಕೆಡಬಾರದು ಅಂತ."

ನಮ್ಮವರ ಪರಿಚಯ ಇಲ್ಲೇ ಮಾಡಿಬಿಡುತ್ತೇನೆ. ಬಟ್ಟೆ ಅಂಗಡಿಯನ್ನು ಮಗನಿಗೊಪ್ಪಿಸಿದ ಮೇಲೆ ಅವರಿಗೆ ಉಳಿದಿರುವ ಆಡಳಿತವೆಂದರೆ ಎಲೆಅಡಿಕೆಯ ತಟ್ಟೆ ಮತ್ತು ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ. ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ತೀಡುತ್ತ, ಊರಿನ ಎಲ್ಲದರ ಮೇಲೂ ಒಂದೊಂದು ಮಾತು ತೀಡುತ್ತಾರೆ. ನನ್ನ ಹೋಸ್ಟಾವನ್ನು ಅವರು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. "ನಿನ್ನ ಚಾಮಗಡ್ಡಿ ಹೆಂಗೈತಿ?" ಎನ್ನುತ್ತಾರೆ. ಚಾಮಗಡ್ಡೆ ಎಂದರೆ ಕೆಸು, ಸಾರಿಗೆ ಹಾಕುವುದು. ನಾನು ಸಂಜೆ ಅದರ ಪಕ್ಕ ಮೋಡಾ ಎಂಬ ಬೆತ್ತದ ಪೀಠ ಹಾಕಿಕೊಂಡು ಕೂತು ಸಣ್ಣ ದನಿಯಲ್ಲಿ ಇಂಗ್ಲಿಷಿನಲ್ಲಿ ಮಾತಾಡುವುದು ಅವರಿಗೆ ಗೊತ್ತು. ಮಾತಾಡದೆ ಏನು ಮಾಡಲಿ? ಮನೆಯಲ್ಲಿ ಕನ್ನಡ, ಗಡಿಯಾಚೆಯ ಊರಾದ್ದರಿಂದ ಬೀದಿಯಲ್ಲಿ ತೆಲುಗು, ಯೂನಿಟ್ಟಿನಲ್ಲಿ ಎರಡೂ ಜೊತೆಗೆ ಬೈಗುಳ. ಅಪ್ಪಾಜಿ ಅಷ್ಟು ಕಷ್ಟಪಟ್ಟು ಕೊಡಿಸಿದ ಆ ಭಾಷೆಯನ್ನು ಯಾರ ಮುಂದೆ ಆಡಲಿ? ಕೊರಿಯರ್ ಹುಡುಗನಿಗೆ "ಥ್ಯಾಂಕ್ಯೂ ಸೋ ಮಚ್" ಎಂದರೆ ಅವನು "ಪರವಾಲೇದಮ್ಮಾ" ಎಂದು ಓಡುತ್ತಾನೆ. ಹಿಂದೆ ಹೋಸ್ಟಾ ಎಲೆಯ ಹಿಂದೆ ಅಡಗಿ ಕನ್ನಡ ಆಡಿದೆ, ಈಗ ಅದೇ ಎಲೆಯ ಹಿಂದೆ ಅಡಗಿ ಇಂಗ್ಲಿಷ್ ಆಡುತ್ತಿದ್ದೇನೆ. ನನ್ನ ಇಡೀ ಎಜುಕೇಷನ್ನಿನ ಕಥೆ ಇಷ್ಟೇ.

ಫ್ರಿಜ್ಜಿನ ನಿದ್ದೆಯಿಂದ ಎದ್ದ ಗಡ್ಡೆ ನನ್ನ ಕೈಬಿಡಲಿಲ್ಲ. ಆ ವರ್ಷ ಎಲೆಗಳು ಊಟದ ತಟ್ಟೆಯಷ್ಟು ಅಗಲ ಬಂದವು. ಕೆನೆಯಂಚು ಹಾಗೇ ಹೊಳೆಯಿತು. ನಾನು ಬದುಕಿನಲ್ಲಿ ಗೆದ್ದದ್ದು ಕಡಿಮೆ, ಗೆದ್ದಾಗ ಹೇಗಿರಬೇಕೆಂದು ಗೊತ್ತಿಲ್ಲದೆ ಬೀದಿಯವರನ್ನೆಲ್ಲ ಕರೆದು ತೋರಿಸಿದೆ. ಬಂದವರೆಲ್ಲ ಎಲೆ ನೋಡಿ, ನನ್ನ ಮುಖ ನೋಡಿ, ಮರುಕದಿಂದ ತಲೆಯಾಡಿಸಿದರು. ಯಾಕೆಂದು ನನಗೆ ಹೊಳೆಯಲಿಲ್ಲ. ಬಸಣ್ಣ ಬಂದ ಮೇಲೆ ಹೊಳೆಯಿತು.

ಬಸಣ್ಣ ನಮ್ಮವರ ಚಿಕ್ಕಪ್ಪನ ಮಗ. ಭೈರವಾನಿತಿಪ್ಪದ ಹತ್ತಿರ ಹೊಲ. ಶೇಂಗಾದ ವಿಷಯದಲ್ಲಿ ಅವನ ಮಾತೇ ಮಾತು. ಸಮಸ್ಯೆ ಏನೆಂದರೆ, ಶೇಂಗಾ ಅಲ್ಲದ ವಿಷಯದಲ್ಲೂ ಅವನ ಮಾತೇ ಮಾತು. ಚಪ್ಪರದ ಕೆಳಗೆ ಬಗ್ಗಿ, ಒಂದು ಎಲೆಯನ್ನು ಮಗುಚಿ ನೋಡಿ, ನಾಲಿಗೆ ಲೊಚಗುಟ್ಟಿದ.

"ಅತ್ತಿಗಿ, ಎಷ್ಟ್ ದಿನದಿಂದ ಹಿಂಗೈತ್ರಿ ಇದು?"

"ಹೇಗೆ?"

"ಹಿಂಗ, ಅಂಚೆಲ್ಲ ಬೆಳ್ಳಗ ಬಿಳಿಚಿಕೊಂಡು. ಇದಕ್ಕ ಕಬ್ಬಿಣ ಕಮ್ಮಿ ಆಗೈತ್ರಿ. ನಮ್ಮ ಶೇಂಗಾಕ್ಕೂ ಹಿಂಗ ಬರತೈತಿ. ಅನ್ನಭೇದಿ ಹೊಡದ್ರ ಸಾಕು, ಎಂಟ್ ದಿನದಾಗ ಹಸರಗ ಆಗತೈತಿ."

ನಾನು ನಕ್ಕುಬಿಟ್ಟೆ. ಇದು ರೋಗವಲ್ಲ ಬಸಣ್ಣ, ಇದೇ ಇದರ ಬ್ಯೂಟಿ, ಈ ಅಂಚಿಗಾಗಿಯೇ ಜನ ಇದನ್ನು ಬೆಳೆಸುವುದು ಎಂದು ಬಿಡಿಸಿ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, ನಮ್ಮವರ ಕಡೆ ತಿರುಗಿ, "ಅಣ್ಣಾ, ಅತ್ತಿಗಿಗೂ ಒಂದ್ಸಲ ರಕ್ತ ಚೆಕ್ ಮಾಡಸ್ರಿ," ಎಂದ. ಓಬಳಾಪುರದ ಕಡೆಯ ಗುಡ್ಡಗಳು ಕಬ್ಬಿಣವನ್ನೇ ಹೊದ್ದು ಮಲಗಿವೆ. ಆ ದಿಕ್ಕಿನಿಂದ ಗಾಳಿ ಬೀಸಿದರೆ ಒಣಹಾಕಿದ ಬಿಳಿ ಸೀರೆ ಕಾವಿಯಾಗುತ್ತದೆ. ಇಂಥ ಸೀಮೆಯಲ್ಲಿದ್ದುಕೊಂಡು ನನಗೂ ನನ್ನ ಗಿಡಕ್ಕೂ ಕಬ್ಬಿಣ ಸಾಲದಂತೆ!

ನಾನು ಮಂಡಿ ತೋರಿಸಲು ಬಳ್ಳಾರಿಗೆ ಹೋಗಿದ್ದ ದಿನ ಬಸಣ್ಣ ಕ್ಯಾನು ಬೆನ್ನಿಗೆ ಹಾಕಿಕೊಂಡು ಬಂದು ಅನ್ನಭೇದಿ ಸಿಂಪಡಿಸಿ ಹೋದ. ಅನ್ನಭೇದಿ ಎಂದರೆ ಕಬ್ಬಿಣದ ಉಪ್ಪು, ತಿಳಿಹಸಿರು ಹರಳು. ಉಪಕಾರ ಮಾಡುವ ಬಂಧುಗಳಿಂದ ದೇವರೇ ಕಾಪಾಡಬೇಕು. ಅಪಕಾರ ಮಾಡುವವರನ್ನಾದರೆ ಗೇಟಿನಲ್ಲೇ ತಡೆಯಬಹುದು. ನಾನು ಅತ್ತೆ, ಕೂಗಾಡಿದೆ, ಎಲೆಗಳನ್ನು ತೊಳೆದೆ. ಏನೂ ಆಗಲಿಲ್ಲ. ಆಗಲಿಲ್ಲ ಎಂದು ನಿಟ್ಟುಸಿರು ಬಿಟ್ಟ ಮೇಲೆ ಆಯಿತು. ಬುಡದ ನಡುವಿನಿಂದ ಒಂದು ಹೊಸ ಎಲೆ ಸುರುಳಿ ಬಿಚ್ಚಿತು: ಅಚ್ಚ ಹಸಿರು. ಅಂಚೇ ಇಲ್ಲ.

ಗಿಡದ ಪುಸ್ತಕಗಳನ್ನು ಓದಿದವರಿಗೆ ಗೊತ್ತು, ಇದು ಅನ್ನಭೇದಿಯ ಪವಾಡವಲ್ಲ. ವೇರಿಗೇಟೆಡ್ ಗಿಡಗಳಿಗೆ ಆಗಾಗ ಹೀಗಾಗುತ್ತದೆ. ಬೇಸರ ಬಂದೋ, ಬಿಸಿಲು ತಡೆಯದೆಯೋ, ಅಲಂಕಾರವನ್ನೆಲ್ಲ ಕಳಚಿಟ್ಟು ತನ್ನ ಮೂಲದ ಹಸಿರಿಗೆ ಹಿಂದಿರುಗಿಬಿಡುತ್ತವೆ. ರಿವರ್ಟ್ ಆಗುವುದು ಎನ್ನುತ್ತಾರೆ. ಬಿಳಿಯಂಚು ಗಿಡಕ್ಕೆ ಅನ್ನ ದುಡಿಯುವುದಿಲ್ಲ, ಸುಮ್ಮನೆ ಚೆಂದಕ್ಕೆ ಕೂತು ತಿನ್ನುತ್ತದೆ. ಹಸಿರು ದುಡಿಯುತ್ತದೆ, ಬೇಗ ಬಲಿಯುತ್ತದೆ, ಪಕ್ಕದ್ದನ್ನು ತುಳಿಯುತ್ತದೆ. ಹಾಗಾಗಿ ಹಸಿರು ಚಿಗುರು ಕಂಡ ಕೂಡಲೇ ನಿರ್ದಾಕ್ಷಿಣ್ಯವಾಗಿ ಕಿತ್ತುಹಾಕಬೇಕು. ನಾನು ಕತ್ತರಿ ಹಿಡಿದು ಕೂತೆ. ಏಪ್ರಿಲ್ ಬಂದಿತ್ತು. ಅಂಚಿನ ಎಲೆಗಳೆಲ್ಲ ಸುಟ್ಟ ಹಪ್ಪಳವಾಗಿ ಒಂದೊಂದೇ ಮಲಗುತ್ತಿದ್ದವು. ಆ ಉರಿಯಲ್ಲಿ ತಲೆಯೆತ್ತಿ ನಿಂತದ್ದು ಆ ಹಸಿರು ಚಿಗುರೊಂದೇ. ಅದನ್ನು ಕಿತ್ತರೆ ಗಿಡವೇ ಹೋಗುತ್ತದೆ. ಬಿಟ್ಟರೆ ನನ್ನ ಗಿಡ ಹೋಗುತ್ತದೆ. ಕತ್ತರಿ ಬಾಯಿ ತೆರೆದುಕೊಂಡೇ ಇತ್ತು, ನಾನೂ. ಕೊನೆಗೆ ಕೀಳಲಿಲ್ಲ. ಮಳೆಗಾಲ ಬರುವ ಹೊತ್ತಿಗೆ ಚಪ್ಪರದ ಕೆಳಗೆ ಒಂದು ದಷ್ಟಪುಷ್ಟ ಗಿಡ ಕೂತಿತ್ತು, ಎಲೆಯೆಲೆಯೂ ಹಸಿರು, ಪಕ್ಕಾ ಚಾಮಗಡ್ಡೆ.

ಆಗ ಶುರುವಾಯಿತು ನೋಡಿ ಅಭಿನಂದನೆ! ಹಿಂದೆ ಮರುಕದಿಂದ ತಲೆಯಾಡಿಸಿದವರೆಲ್ಲ ಬಂದು "ಅಂತೂ ಅರಾಮಾತಲ್ರಿ" ಎಂದರು. ಶೋಭಾ ದೃಷ್ಟಿಯಾದೀತೆಂದು ಗಿಡದ ಬುಡಕ್ಕೆ ಕರಿದಾರ ಕಟ್ಟಿದಳು. ಬಸಣ್ಣ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಊರಿಗೆಲ್ಲ ಕಳಿಸಿದ. ಸತ್ತವರ ಮನೆಗೆ ಬಂದು ಮದುವೆಯ ಉಡುಗೊರೆ ಕೊಟ್ಟು ಹೋದಂತಿತ್ತು. ನಾನು ಎಲ್ಲರಿಗೂ ಕಾಫಿ ಕೊಟ್ಟೆ. ಮ್ಯಾನರ್ಸ್ ಬಿಡಲಾದೀತೆ?

ವಿಮಲಾಗೆ ಮಾತ್ರ ಹೇಳಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುವಷ್ಟರಲ್ಲಿ ಅವಳದೇ ಫೋನು ಬಂತು. ಅವಳ ದನಿಯಲ್ಲಿ ಎಂದಿನ ಕುಣಿತವಿರಲಿಲ್ಲ.

"ಗಿಗಿ, ಕಣ್ಣು ತೋರ್ಸಕೆ ಹೋಗಿದ್ದೆ ಕಣೇ. ಪೊರೆ ಅಲ್ವಂತೆ, ಆಪರೇಷನ್ ಮಾಡಿ ತೆಗೆಯಕೆ. ಒಳಗಡೆ ಪರದೇನೇ ಸವೆದೋಗೈತಂತೆ. ನಡುವೆ ಒಂದು ಮಸಿ ಮೆತ್ತಿದಂಗೆ. ನಿನ್ನ ನೋಡಿದ್ರೆ ಈಗ ನಿನ್ನ ಮೂತಿ ಕಾಣಲ್ಲ, ಕಿವಿ ಕಾಣ್ತವೆ."

"ಮೂತಿ ಕಾಣದೇ ಇರುವುದೇ ನಿನಗೆ ಒಳ್ಳೆಯದು," ಎಂದೆ.

ಅವಳು ನಕ್ಕಳು. "ಅಂಚು ಮಾತ್ರ ಕಾಣ್ತದೆ ಕಣೇ. ಎಲ್ಲಾದ್ರದೂ ಅಂಚು. ಅದೂ ಎಷ್ಟು ದಿನವೋ, ಡಾಕ್ಟ್ರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆವಾಗ ನಿನ್ನ ಹೋಸ್ಟಾ ಗ್ಯಾಪ್ಕ ಬಂತು. ಅದಕ್ಕಿರೋದೇ ಅಂಚು ಅಲ್ವಾ? ನನ್ನಂಥೋಳಿಗೇ ಮಾಡಿಸಿದಂಗೈತೆ. ಒಂದ್ಸಲ ನೋಡಿಬಿಡ್ತೀನಿ. ಬರೋ ಭಾನುವಾರ ಕಾರ್ ಮಾಡ್ಕಂಡು ಬತ್ತೀನಿ."

ಅಂಚು ಹೋಯಿತೆಂದು ನಾನು ಆಗಲೇ ಹೇಳಬೇಕಿತ್ತು. ಬಾಯಿಗೆ ಬಂದದ್ದು "ಪ್ಲೀಸ್ ಡೂ ಕಮ್, ಡಿಯರ್" ಎಂಬುದು. ಕಾನ್ವೆಂಟಿನಲ್ಲಿ ಕಲಿಸಿದ್ದು ಅದೇ ತಾನೆ: ಒಳಗೆ ಏನೇ ಕುಸಿಯುತ್ತಿರಲಿ, ವಾಕ್ಯ ನೆಟ್ಟಗಿರಬೇಕು.

ಆ ವಾರ ನಾನು ಮಾಡಿದ್ದನ್ನು ಓದಿ ನೀವು ನಗುತ್ತೀರಿ, ನಗಿ. ಮೊದಲು ಕೆಳಗಿನ ಯೂನಿಟ್ಟಿನಿಂದ ದರ್ಜಿಗಳ ಸೀಮೆಸುಣ್ಣದ ಬಿಲ್ಲೆ ತಂದು ಎಲೆಯ ಅಂಚಿಗೆ ಉಜ್ಜಿದೆ. ಬಟ್ಟೆಯ ಮೇಲೆ ಕೊಡವಿದರೂ ಹೋಗದ ಆ ಗೆರೆ ಎಲೆಯ ಮೇಣದ ಮೈಗೆ ಹತ್ತಲೇ ಇಲ್ಲ. ಬಿಳಿ ಪೇಂಟ್ ಹಚ್ಚೋಣವೆಂದರೆ ಅದರ ವಾಸನೆಯೇ ಚಾಡಿ ಹೇಳುತ್ತದೆ. ಆಗ ಕಣ್ಣಿಗೆ ಬಿದ್ದದ್ದು ನಮ್ಮವರ ಸುಣ್ಣದ ಡಬ್ಬಿ. ಎಲೆಗೆ ಹತ್ತುವುದು ಸುಣ್ಣವಲ್ಲದೆ ಇನ್ನೇನು? ಅವರು ಮಧ್ಯಾಹ್ನ ಮಲಗಿದಾಗ ಡಬ್ಬಿ ಎತ್ತಿಕೊಂಡು ಬಂದು, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒಂದು ಎಲೆಗೆ ಬಳಿದೆ. ಚೆನ್ನಾಗಿ ಹತ್ತಿತು. ಆದರೆ ತೀರಾ ಬಿಳುಪು, ಗೋಡೆಯಂತೆ. ಸಿಸ್ಟರ್ ಬರ್ನಡೆಟ್ಟರ ಹೋಸ್ಟಾಕ್ಕೆ ಕೆನೆಬಣ್ಣವಿತ್ತು, ಸ್ವಲ್ಪ ಹಳದಿ ಬೇಕು. ಒಳಗಿನಿಂದ ಚಿಟಿಕೆ ಅರಿಶಿನ ತಂದು ಸುಣ್ಣಕ್ಕೆ ಕಲಸಿದೆ.

ಈಗ ಈ ಪ್ರಬಂಧ ಓದುತ್ತಿರುವ ಪ್ರತಿಯೊಬ್ಬ ಗೃಹಿಣಿಯೂ "ಅಯ್ಯೋ!" ಎಂದಿರುತ್ತಾಳೆ. ಹೌದು, ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಬೆರೆತರೆ ಆರತಿಯ ನೀರಾಗುತ್ತದೆಂದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಮದುಮಕ್ಕಳಿಗೆ, ಬಾಣಂತಿಯರಿಗೆ ಎಷ್ಟು ತಟ್ಟೆ ನಾನೇ ಕಲಸಿಲ್ಲ! ಕಾನ್ವೆಂಟಿನಲ್ಲಿ ಅದನ್ನೇ ಕೆಮಿಸ್ಟ್ರಿ ಎಂದು ಕಲಿಸಿ ಮಾರ್ಕ್ಸನ್ನೂ ಕೊಟ್ಟಿದ್ದರು. ಬೇಕಾದಾಗ ಎರಡು ವಿದ್ಯೆಯೂ ಕೈಕೊಟ್ಟಿತು. ನನ್ನ ಹೋಸ್ಟಾ ಕೆಂಪಂಚಿನ ಸೀರೆಯುಟ್ಟ ಮುತ್ತೈದೆಯಂತೆ ಕೂತುಬಿಟ್ಟಿತು. ಒರೆಸಿದಷ್ಟೂ ಹರಡಿತು. ಆ ಎಲೆಯನ್ನು ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿ, ಸುಣ್ಣಕ್ಕೆ ಹಾಲಿನ ಕೆನೆ ಸೇರಿಸಿ ಹೊಸದಾಗಿ ಶುರುಮಾಡಿದೆ. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಹತ್ತಿಕಡ್ಡಿ, ಬೆನ್ನಿಗೆ ದಿಂಬು. ಹಿಂದಿನಿಂದ ಕೆಮ್ಮು ಕೇಳಿಸಿತು. ನಮ್ಮವರು ಎದ್ದು ಬಂದು ನಿಂತಿದ್ದರು. ನಾನು ಬೈಗುಳಕ್ಕೆ ಕಾದೆ. ಅವರು ಅರೆಬರೆ ಬಿಳಿಯಾದ ಗಿಡವನ್ನು, ನನ್ನನ್ನು, ಖಾಲಿಯಾಗುತ್ತಿದ್ದ ಡಬ್ಬಿಯನ್ನು ನೋಡಿ, "ಒಳಗ ಇನ್ನೊಂದು ಪೊಟ್ಟಣ ಐತಿ, ಕೊಡಲೇನು?" ಎಂದರು. ಸಂಸಾರದಲ್ಲಿ ಇಷ್ಟು ರೊಮ್ಯಾಂಟಿಕ್ ಮಾತನ್ನು ಅವರು ಆಡಿದ್ದು ನನಗೆ ನೆನಪಿಲ್ಲ.

ಭಾನುವಾರ ವಿಮಲಾ ಬಂದಳು. ಕಾರಿನಿಂದ ಇಳಿದವಳು ಹಕ್ಕಿಯಂತೆ ತಲೆಯನ್ನು ಓರೆ ಮಾಡಿ, ನನ್ನ ಕಿವಿಯ ಕಡೆ ನೋಡುತ್ತ "ಏನೇ ದಪ್ಪ ಆಗಿದೀಯಾ, ಅಂಚೆಲ್ಲ ಅಗಲವಾಗೈತೆ," ಎಂದಳು. ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದೆ. ಜೀನ್ಸ್ ಚಪ್ಪರದ ಕೆಳಗೆ ಎರಡು ಮೋಡಾ ಹಾಕಿದ್ದೆ. ಕೂತಳು. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಕಣ್ಣಿನ ಮೂಲೆಯಿಂದ ಗಿಡವನ್ನು ಹುಡುಕಿದಳು. ಹುಡುಕುತ್ತಾ ಹುಡುಕುತ್ತಾ ತಲೆ ಒಂದು ಕಡೆ ನಿಂತಿತು.

"ಕಾಣ್ತು," ಎಂದಳು. "ಕಾಣ್ತು ಕಣೇ ಗಿಗಿ. ಬೆಳ್ಳಗೆ. ಸುತ್ತಾ ಬೆಳ್ಳಗೆ."

ನನಗೆ ದುಃಖ ಒತ್ತರಿಸಿ ಬಂತು. ಆ ಒಂದು ಕ್ಷಣ, ನನ್ನ ಮೋಸವೂ ಪುಣ್ಯದ ಲೆಕ್ಕಕ್ಕೇ ಸೇರುತ್ತದೆ ಎನ್ನಿಸಿತು. ಅಷ್ಟರಲ್ಲಿ ಅವಳು ಕೈ ಚಾಚಿದಳು. ಡಾರ್ಮಿಟರಿಯಲ್ಲಿ ಸಿಸ್ಟರ್‌ಗಳು ಕಿಟಕಿಯ ಚೌಕಟ್ಟಿಗೆ ಬೆರಳಾಡಿಸಿ ಧೂಳು ಹಿಡಿಯುತ್ತಿದ್ದರಲ್ಲ, ಥೇಟ್ ಹಾಗೆ, ಎಲೆಯ ಅಂಚಿನುದ್ದಕ್ಕೂ ತೋರುಬೆರಳು ಎಳೆದಳು. ತಡೆಯಲು ನನಗೆ ಮಂಡಿ ಏಳಲಿಲ್ಲ. ಬೆರಳಿಗೆ ಹೆಬ್ಬೆರಳು ತಿಕ್ಕಿದಳು. ಮೂಸಿದಳು. ಕೆಳಗೆ ಯೂನಿಟ್ಟಿನಲ್ಲಿ ಯಾರೋ ರೇಡಿಯೋ ಹಚ್ಚಿದರು.

"ಎಲೆ ಐತೆ," ಎಂದಳು ವಿಮಲಾ ನಿಧಾನವಾಗಿ. "ಸುಣ್ಣ ಐತೆ. ಅಡಿಕೆ ಎಲ್ಲೇ?"

ಜಗುಲಿಯಲ್ಲಿದ್ದ ನಮ್ಮವರು ಅಲ್ಲಿಂದಲೇ "ತರತೀನಿ, ತರತೀನಿ!" ಎಂದು ಕೂಗಿದರು. ನಾನು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದೆ. ಸಾರಿ ಎಂದೆ, ತಪ್ಪಾಯಿತು ಎಂದೆ, ಬಿಸಿಲು, ಬಸಣ್ಣ, ಅನ್ನಭೇದಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಬಿಡೇ. ನೋಡಿದ ತಕ್ಷಣಾನೇ ಗೊತ್ತಾತು. ಸಿಸ್ಟರ್ ಗಿಡದಾಗೆ ಅಂಚು ಹಿಂಗೆ ಎಲ್ಲಾ ಕಡೆ ಒಂದೇ ಅಗಲ ಇತ್ತೇನೇ? ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ, ಒಳಕ್ಕೆಲ್ಲ ಹರಕೊಂಡಿರ್ತಿತ್ತು. ದೇವ್ರಿಗೆ ಗೆರೆ ಎಳೆಯಕೆ ಬರಲ್ಲ. ಇದು ನಿಮ್ಮ ರಾಯದುರ್ಗದ ಹೊಲಿಗೆ, ಪೈಪಿಂಗ್ ಕೊಟ್ಟಂಗೈತೆ!"

"ಹಾಗಾದರೆ ಕಾಣ್ತು ಅಂದದ್ದು?"

"ಕಾಣ್ದೆ ಏನು? ಸುಣ್ಣ ಹಂಗೆ ಹೊಳೀತೈತೆ." ದನಿ ತಗ್ಗಿಸಿ ಹೇಳಿದಳು: "ಬೇರೆಯೋರು ನಂಗೋಸ್ಕರ ಬಣ್ಣ ಹೊಡೆದ್ರೆ ಕರುಣೆ ಅನ್ಕಂತೀನಿ. ನೀನು ಹೊಡೆದಿದೀಯ, ಕೀಟ್ಲೆ ಅನ್ಕಂಡೆ." ನನ್ನ ಮೋಡಾದ ಕಡೆಗೆ ಸರಿದಳು. ಊಟಕ್ಕೆ ಕರೆಯಲು ಬಂದ ಶೋಭಾಗೆ ಎಲೆಗಳ ಹಿಂದೆ ಎರಡು ನೆರೆತ ತಲೆ ಮಾತ್ರ ಕಂಡವಂತೆ, ಶೇಂಗಾವೋ ಕಡ್ಲೇಕಾಯೋ ಎಂದು ಜಗಳಾಡುತ್ತ.

ಕಥೆ ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಸುಣ್ಣ ಬಾಯನ್ನೇ ಸುಡುತ್ತದೆ, ಎಲೆಯನ್ನು ಬಿಡುತ್ತದೆಯೇ? ವಾರದೊಳಗೆ ನಾನು ಬಳಿದ ಅಂಚೆಲ್ಲ ಕಂದಿ, ಒಣಗಿ, ಸುರುಟಿಕೊಂಡಿತು. ಬಸಣ್ಣ ಬಂದು ನೋಡಿ, "ಹೇಳಿದ್ನಲ್ರಿ ಅತ್ತಿಗಿ, ಜಡ್ಡು ತಿರುಗಿ ಬಂತು," ಎಂದು ಇನ್ನೊಂದು ಪೊಟ್ಟಣ ಅನ್ನಭೇದಿ ಇಟ್ಟ. ವಿಮಲಾ ಫೋನು ಮಾಡಿದಾಗಲೆಲ್ಲ "ಅಂಚು ಹೆಂಗೈತೆ?" ಎಂದು ಕೇಳುತ್ತಾಳೆ. ಗಿಡದ ಅಂಚೋ, ಅವಳ ಕಣ್ಣಿನದೋ, ನಾನು ಬಿಡಿಸಿ ಕೇಳುವುದಿಲ್ಲ. ಈಚೀಚೆಗೆ ಎದುರಿನವರ ಕಿವಿಗಳೂ ಮಸುಕಾಗಿವೆ ಎಂದಳು. ನಾನು "ಫೈನ್, ಫೈನ್" ಎನ್ನುತ್ತೇನೆ.

ನಿಜ ಹೇಳಬೇಕೆಂದರೆ ಯಾವುದೂ ಫೈನ್ ಇಲ್ಲ. ಮೊನ್ನೆ ಸಂಜೆ ಎಂದಿನಂತೆ ಆ ಹಸಿರು ಗಿಡದ ಪಕ್ಕ ಕೂತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆ. ಎಲೆಯ ತುದಿಯಲ್ಲಿ ನಿಲ್ಲುತ್ತಿದ್ದ ಆ ನೀರಹನಿಗೆ ಸಿಸ್ಟರ್ ಒಂದು ಪದ ಹೇಳುತ್ತಿದ್ದರು, ಬಹಳ ಚೆಂದದ ಪದ. ಎಷ್ಟು ತಡಕಾಡಿದರೂ ಸಿಗಲಿಲ್ಲ. ಸಾಲದ್ದಕ್ಕೆ, ಬೇಸರದಲ್ಲಿ ನನ್ನ ಬಾಯಿಂದ ಹೊರಟದ್ದು "ಹಾಳಾಗಿ ಹೋಗ್ಲಿ ಅತ್ಲಾಗ!" ಎಂಬುದು, ಅದೂ ಜೋರಾಗಿ. ಗೇಟಿನ ಹತ್ತಿರ ಬೈಕು ನಿಲ್ಲಿಸುತ್ತಿದ್ದ ಬಸಣ್ಣ ಕೇಳಿಸಿಕೊಂಡು ಮುಖವರಳಿಸಿದ. "ನೋಡ್ರಿ, ಮೊದಲೆಲ್ಲ ಅತ್ತಿಗಿ ಮಾತಾಡಿದ್ರ ಅರ್ಧ ತಿಳೀತಿದ್ದಿಲ್ಲ. ಈಗ ಪೂರಾ ನಮ್ಮಂಗ ಆಗ್ಯಾರ!" ಎಂದು ನಮ್ಮವರಿಗೆ ಹೇಳಿ ನನ್ನನ್ನು ಅಭಿನಂದಿಸಿದ. ನಾನಂತೂ ಅನ್ನಭೇದಿ ಕುಡಿದಿಲ್ಲ. ಕಾಫಿ ಕೊಟ್ಟೆ. ಸುಣ್ಣದ ಡಬ್ಬಿಯನ್ನು ಮಾತ್ರ ನಮ್ಮವರಿಗೆ ಇನ್ನೂ ವಾಪಸು ಕೊಟ್ಟಿಲ್ಲ, ಎಲ್ಲಿದೆ ಎಂದು ಅವರು ಕೇಳಿಯೂ ಇಲ್ಲ. ದೀಪಾವಳಿ ಮುಗಿಸಿಕೊಂಡು ಬರುತ್ತೇನೆಂದು ವಿಮಲಾ ಹೇಳಿದ್ದಾಳೆ. ಬಂದವಳು ತಲೆ ಓರೆ ಮಾಡಿ ನನ್ನನ್ನು ಹುಡುಕುವ ಹೊತ್ತಿಗೆ, ಅವಳಿಗೆ ಕಾಣುವಂತೆ ನನಗೂ ಒಂದಿಷ್ಟು ಅಂಚು ಬಳಿದುಕೊಳ್ಳಬೇಕಲ್ಲ.